ಬಾಡಿಗೆಯ ಕುದುರೆ ಮತ್ತು ಅಣುವ್ರತ

ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ ಇವು ಅಹಿಂಸಾಣುವ್ರತದ ಐದು ಅತಿಚಾರಗಳೆಂದು ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ನಿರೂಪಿಸಿದ್ದಾರೆ. ಪ್ರಾಣಿಯನ್ನು ಸಾಕುವವನಿಗೆ ಇವು ಅನ್ವಯಿಸುವುದು ಸ್ಪಷ್ಟ. ಹುಬ್ಬಳ್ಳಿಯ ದೇಶಪಾಂಡೆ ನಗರದಲ್ಲಿ ಮದುವೆಯ ಮೆರವಣಿಗೆಗೆಂದು ಒಂದು ಸಂಜೆಯ ಮಟ್ಟಿಗೆ ಕುದುರೆಯನ್ನು ತರಿಸುವ ಶ್ರಾವಕನಿಗೆ ತಗಲವೇ?

ಕುದುರೆ ಸಾಕುವವರು ಪರಸ್ಪರ ಹೇಳಿಕೊಳ್ಳುವ ಮಾತುಗಳು ಸರಳ: ನೀರು ಆಗಾಗ್ಗೆ, ಮೇವು ಸ್ವಲ್ಪಸ್ವಲ್ಪವಾಗಿ ಹಲವು ಬಾರಿ, ಗೊರಸು ದಿನವೂ ಶುದ್ಧ. ಹೊಟ್ಟೆಶೂಲೆ ಬಂದಾಗ ವೈದ್ಯರು ಬರುವತನಕ ಅವರು ಮೇವನ್ನು ತಡೆಯುತ್ತಾರೆ, ಅದು ಅನುಕಂಪೆ. ಮುಹೂರ್ತ ಮೀರೀತೆಂದು ಬಾಯಾರಿದ ಕುದುರೆಯನ್ನು ನೀರಿಲ್ಲದೆ ನಡೆಸಿದರೆ ಅದು ಪ್ರಮಾದ. ಹೊರೆ ಎಳೆಯುವ, ಹೊರುವ ಪ್ರಾಣಿಗಳ ದುಡಿಮೆಗೆ 1965ರ ನಿಯಮಗಳು ದಿನಕ್ಕೆ ಒಂಬತ್ತು ಗಂಟೆಗಳ ಮಿತಿ ವಿಧಿಸಿವೆ. ವಾದ್ಯದ ಅಬ್ಬರಕ್ಕೆ ಮಿತಿ ಹಾಕಬೇಕಾದವನು ಮೆರವಣಿಗೆಯ ಯಜಮಾನನೇ. ಕುದುರೆ ತನ್ನದಲ್ಲವೆಂಬ ಅವನ ಉತ್ತರ ಕೃತದ ಮಟ್ಟಿಗೆ ಸಂದೀತು. ಕಾರಿತ, ಅನುಮೋದನೆಗಳಿಗೆ ಸಲ್ಲದು.