ಎಲ್ಲರಿಗೂ ಹಾಕುವ ಸೂಜಿ

ಗದಗ-ಬೆಟಗೇರಿಯಲ್ಲಿ ಹುಟ್ಟಲಿ, ಲಕ್ಷ್ಮೇಶ್ವರದಲ್ಲಿ ಹುಟ್ಟಲಿ, ಆಸ್ಪತ್ರೆಯಲ್ಲಿ ಹುಟ್ಟಿದ ಕೂಸಿಗೆ ಮನೆಗೆ ಹೋಗುವ ಮೊದಲೇ ಎಡತೋಳಿಗೆ ಬಿಸಿಜಿ ಸೂಜಿ ಹಾಕುತ್ತಾರೆ. ಅದರೊಳಗಿರುವುದು ಜೀವಂತ ಬ್ಯಾಕ್ಟೀರಿಯಾ. ದನಗಳಿಗೆ ಕ್ಷಯ ತರುವ ರೋಗಾಣುವನ್ನು ಫ್ರಾನ್ಸಿನ ಕಾಲ್ಮೆಟ್ ಮತ್ತು ಗೆರಿನ್ 13 ವರ್ಷ, 230 ಸಲ ಮರಳಿ ಮರಳಿ ಬೆಳೆಸಿ ಅದರ ಕಸುವು ಕಳೆದರು. 1921ರಲ್ಲಿ ಅದನ್ನು ಮೊದಲ ಬಾರಿ ಕೂಸೊಂದಕ್ಕೆ ಕೊಟ್ಟರು. 1948ರಲ್ಲಿ ಭಾರತದಲ್ಲೂ ಶುರುವಾಯಿತು. ಎಳೆಯ ಮಕ್ಕಳ ಮಿದುಳಿಗೆ ಏರುವ ಕ್ಷಯವನ್ನು ಅದು ಬಹುಮಟ್ಟಿಗೆ ತಡೆಯುತ್ತದೆ. ನಮ್ಮಲ್ಲಿ ಅದು ಬೇಕೇ ಬೇಕು.

ಆದರೆ ಹತ್ತಾರು ಸಾವಿರಕ್ಕೊಂದು ಕೂಸು ರೋಗದೊಂದಿಗೆ ಹೋರಾಡುವ ಬಿಳಿ ರಕ್ತಕಣಗಳೇ ಇಲ್ಲದಂತೆ ಹುಟ್ಟುತ್ತದೆ. ವೈದ್ಯರು ಇದನ್ನು ಸ್ಕಿಡ್ ಎನ್ನುತ್ತಾರೆ. ಹುಟ್ಟಿದಾಗ ಅದು ಎಲ್ಲ ಕೂಸುಗಳ ಹಾಗೆಯೇ ಕಾಣುತ್ತದೆ. ಬೇರೆ ಮಕ್ಕಳಲ್ಲಿ ಗುಳ್ಳೆಯಾಗಿ ಒಣಗುವ ಸೂಜಿಯ ಜಾಗ ಇದಕ್ಕೆ ಹುಣ್ಣಾಗಬಹುದು, ಕಂಕುಳಲ್ಲಿ ಗಡ್ಡೆ ಏಳಬಹುದು. ಕಸುವಿಲ್ಲದ ಆ ಬ್ಯಾಕ್ಟೀರಿಯಾವೇ ಯಕೃತ್ತು, ಮೂಳೆಗಳವರೆಗೆ ಹರಡಬಹುದು. ಕಾಯಲು ಕೊಟ್ಟದ್ದೇ ಕೊಲ್ಲಬಹುದು.

ನಾನು ಸಂಶೋಧನೆ ಮಾಡುತ್ತಿರುವುದು ನೀತಿಶಾಸ್ತ್ರದಲ್ಲಿ. ಅಲ್ಲಿ ಇದು ಹಳೆಯ ಪ್ರಶ್ನೆ: ಎಲ್ಲರ ಹಿತಕ್ಕಾಗಿ ಒಬ್ಬರು ತೆರುವ ಬೆಲೆಗೆ ಹೊಣೆ ಯಾರು? ಲಕ್ಷ ಮಕ್ಕಳು ಉಳಿಯುತ್ತಾರೆ, ಆದ್ದರಿಂದ ನಿಯಮ ಸರಿ ಎನ್ನುವುದು ಒಂದು ಉತ್ತರ. ಒಂದು ಕೂಸನ್ನೂ ಬಲಿ ಕೊಡಬಾರದು ಎನ್ನುವುದು ಇನ್ನೊಂದು. ಎರಡನೆಯದನ್ನು ಒಪ್ಪಿ ಸೂಜಿ ನಿಲ್ಲಿಸಿದರೂ ಮಕ್ಕಳು ಸಾಯುತ್ತಾರೆ, ಕ್ಷಯದಿಂದ. ಹಾಗಾಗಿ ನಾನು ಮೊದಲನೆಯದರ ಕಡೆಗೇ ಇದ್ದೇನೆ. ಆದರೆ ನಿಯಮ ಸರಿಯಿದ್ದ ಮಾತ್ರಕ್ಕೆ ಋಣ ತೀರುವುದಿಲ್ಲ.

ಶಿರಹಟ್ಟಿ ಕಡೆಯ ಆಶಾ ಕಾರ್ಯಕರ್ತೆಯೊಬ್ಬರಿಗೆ ಇದನ್ನು ವಿವರಿಸಿದಾಗ ಅವರು ಗಾಬರಿಯಾದರು. "ಇದನ್ನ ಊರಾಗ ಹೇಳಬ್ಯಾಡ್ರಿ. ನಾಳೆ ಒಬ್ಬರೂ ಕೂಸಿಗೆ ಸೂಜಿ ಹಾಕ್ಸಂಗಿಲ್ಲ." ಅವರ ಭಯ ಸುಳ್ಳಲ್ಲ. ಆದರೆ ಊರಿಗೆಲ್ಲ ಸಾರುವುದು, ಸುಮ್ಮನಿರುವುದು ಇವೆರಡೇ ದಾರಿಯಲ್ಲ. ಮೂರನೆಯದು, ಕೇಳುವುದು. "ಇದಕ್ಕಿಂತ ಮೊದಲಿನ ಕೂಸು ಹೋಗಿತ್ತೇನವ್ವಾ? ಎಷ್ಟು ತಿಂಗಳಿಗೆ?" ಹೌದು, ವರ್ಷದೊಳಗೇ ಸೋಂಕು ತಗುಲಿ ಹೋಯಿತು ಎಂದರೆ ಸೂಜಿಯನ್ನು ತಡೆದು ರಕ್ತ ನೋಡಬೇಕು. ಲಿಂಫೋಸೈಟ್ ಎಣಿಕೆ 3000ಕ್ಕಿಂತ ಕಡಿಮೆಯಿದ್ದರೆ ಅದು ಎಚ್ಚರಿಕೆಯ ಗಂಟೆ. ಇದು ದುಬಾರಿ ಪರೀಕ್ಷೆಯೇನಲ್ಲ.

ನಮ್ಮ ಹಳ್ಳಿಗಳು ಈ ನೆನಪನ್ನು ಹೆಸರಿನಲ್ಲೇ ಇಟ್ಟುಕೊಂಡಿದ್ದವು. ಮಕ್ಕಳು ನಿಲ್ಲದ ಮನೆಯಲ್ಲಿ ಹುಟ್ಟಿದ ಕೂಸನ್ನು ತಿಪ್ಪೆಯ ಮೇಲೆ ಉರುಳಿಸಿ ತಿಪ್ಪಣ್ಣ, ತಿಪ್ಪವ್ವ ಎಂದು ಕರೆಯುತ್ತಿದ್ದರು, ಸಾವು ಕಸವೆಂದು ಬಿಟ್ಟುಹೋಗಲಿ ಎಂದು. ಆ ಹೆಸರು ಒಂದು ಕೇಸ್ ಶೀಟ್. ತಾಯಿ ಕಾರ್ಡಿನಲ್ಲಿ ಹಿಂದಿನ ಹೆರಿಗೆಯ ವಿವರ ಬರೆಯುವಾಗ ಅಷ್ಟೇ ಗಮನ ಬೇಕು. ಕರ್ನಾಟಕದಲ್ಲಿ ನಾಲ್ಕರಲ್ಲಿ ಒಂದಕ್ಕಿಂತ ಹೆಚ್ಚು ಮದುವೆಗಳು ರಕ್ತಸಂಬಂಧದೊಳಗೇ ಆಗುತ್ತವೆ. ಸ್ಕಿಡ್‌ನ ಹಲವು ಬಗೆಗಳು ತಂದೆತಾಯಿ ಇಬ್ಬರಿಂದಲೂ ಬರುವಂಥವು. ಸೊಸೆಯನ್ನು ದೂರುವ ಮನೆಗೆ ಈ ಮಾತೂ ತಿಳಿಯಬೇಕು.

ಈ ಪ್ರಶ್ನೆ ಚೊಚ್ಚಲ ಕೂಸನ್ನು ಉಳಿಸುವುದಿಲ್ಲ. ತೈವಾನ್ ನವಜಾತ ಶಿಶುಗಳ ರಕ್ತವನ್ನು ಸ್ಕಿಡ್‌ಗಾಗಿ ಪರೀಕ್ಷಿಸುತ್ತದೆ. 2016ರಿಂದ ಬಿಸಿಜಿಯನ್ನು ಐದು ತಿಂಗಳಿಗೆ ಮುಂದೂಡಿದೆ. ಕ್ಷಯ ಹೆಚ್ಚಿರುವ ನಮ್ಮಲ್ಲಿ ಹಾಗೆ ಕಾಯುವುದೂ ಅಪಾಯ. ನಮಗೆ ಉಳಿದಿರುವುದು ಬೇಗ ಗುರುತಿಸುವುದು, ಗುರುತಿಸಿದ ಮೇಲೆ ಕೈಬಿಡದಿರುವುದು. ಸೋಂಕು ಹಬ್ಬುವ ಮೊದಲೇ ಅಸ್ಥಿಮಜ್ಜೆಯ ಕಸಿಯಾದರೆ ಇಂಥ ಮಕ್ಕಳು ಬದುಕುತ್ತಾರೆ. 2021ರ ವಿರಳ ರೋಗಗಳ ರಾಷ್ಟ್ರೀಯ ನೀತಿಯ ಪಟ್ಟಿಯಲ್ಲಿ ಸ್ಕಿಡ್ ಇದೆ. ಗೊತ್ತುಪಡಿಸಿದ ಕೇಂದ್ರಗಳಲ್ಲಿ 50 ಲಕ್ಷ ರೂಪಾಯಿವರೆಗೆ ನೆರವು ಸಿಗಬಹುದು. ಅಂಥ ಒಂದು ಕೇಂದ್ರ ಬೆಂಗಳೂರಿನಲ್ಲಿದೆ. ಮುಂಡರಗಿಯ ಕೂಲಿಕಾರನ ಕೂಸು ಅಲ್ಲಿಗೆ ಮುಟ್ಟುವಷ್ಟರಲ್ಲಿ ಎಷ್ಟು ತಿಂಗಳು ಕಳೆದಿರುತ್ತವೆ ಎಂಬುದರ ಮೇಲೆ ಎಲ್ಲ ನಿಂತಿದೆ.

ನನ್ನ ತೋಳಿನಲ್ಲೂ ಆ ಸೂಜಿಯ ಕಲೆ ಇದೆ, ನಿಮ್ಮ ತೋಳಿನಲ್ಲೂ ಇರಬಹುದು. ನಮ್ಮನ್ನು ಕಾದ ನಿಯಮವೇ ಯಾರದೋ ಕೂಸಿಗೆ ಮುಳುವಾದಾಗ, ಅದನ್ನು ಹಣೆಬರಹ ಎನ್ನುವ ಹಕ್ಕು ನಮಗಿಲ್ಲ.