ಒಂದು ಮನೆ, ಮೂರು ಕಾಗದ

ಸರ್ಕಾರದ ದುಡ್ಡಿನ ವಿಷಯದಲ್ಲಿ ನಮ್ಮಂಥ ಮಧ್ಯಮ ವರ್ಗದ ಮನೆಗಳಿಗೆ ಎರಡು ನಾಲಿಗೆ. ಪಿಂಚಣಿ ಬಂದರೆ ಅದು ದುಡಿದದ್ದರ ಫಲ. ತೆರಿಗೆಯಲ್ಲಿ ರಿಯಾಯಿತಿ ಸಿಕ್ಕರೆ ಅದು ನ್ಯಾಯ. ಹಿಂದಿನ ಬೀದಿಯ ಹೆಂಗಸಿಗೆ ಅಕ್ಕಿ ಸಿಕ್ಕರೆ ಮಾತ್ರ ಅದು ಬಿಟ್ಟಿ. ಮತ್ತಿಕೆರೆಯಲ್ಲಿ ಮೂವತ್ತು ವರ್ಷದಿಂದ ಈ ಮಾತುಗಳನ್ನು ಕೇಳಿಕೊಂಡೇ ಶಾಲೆಗೆ ಹೋಗಿ ಬಂದವಳು ನಾನು. ಆದರೆ ಇದೇ ಪ್ರಶ್ನೆ ಇಂಗ್ಲೆಂಡಿನಿಂದ ಫೋನಿನಲ್ಲಿ, ಅದೂ ನಮ್ಮ ಮನೆಯ ಹುಡುಗಿಯ ಬಾಯಲ್ಲೇ ಬರುತ್ತದೆ ಎಂದುಕೊಂಡಿರಲಿಲ್ಲ.

ನನ್ನ ಅಕ್ಕನ ಮಗಳು ನರ್ಸು. ಅಲ್ಲಿಯ ಸರ್ಕಾರಿ ಆಸ್ಪತ್ರೆಯಲ್ಲಿ ವರ್ಷಗಟ್ಟಲೆ ರಾತ್ರಿ ಪಾಳಿ ಮಾಡಿ, ಯಾವ ಷರತ್ತೂ ಇಲ್ಲದೆ ಅಲ್ಲೇ ಉಳಿಯುವ ಕಾಯಂ ಅನುಮತಿ ಪಡೆದಳು. ಆಮೇಲೆ ಇಲ್ಲಿಗೆ ಬಂದು ನಮ್ಮ ಬಡಾವಣೆಯ ಹುಡುಗನನ್ನೇ ಮದುವೆಯಾದಳು. 2024ರ ಮಧ್ಯದಲ್ಲಿ ಅವನು ಹೆಂಡತಿಯ ಆಧಾರದ ಮೇಲೆ ವೀಸಾ ಪಡೆದು ಹೋದ. ಎರಡು ವರ್ಷ ಒಂಬತ್ತು ತಿಂಗಳ ವೀಸಾ. ಕೆಲಸ ಮಾಡಬಹುದು, ತೆರಿಗೆ ಕಟ್ಟಬಹುದು, ಕಟ್ಟಲೇಬೇಕು. ಆದರೆ ‘ಸಾರ್ವಜನಿಕ ನಿಧಿಯ ಆಸರೆ ಇಲ್ಲ’ ಎಂಬ ಷರತ್ತು ಅದಕ್ಕಿದೆ. 1999ರ ವಲಸೆ ಕಾಯ್ದೆಯಿಂದ ಗಟ್ಟಿಯಾದ ಷರತ್ತು ಇದು. 2025ರಲ್ಲಿ ಮಗು ಹುಟ್ಟಿತು. ತಾಯಿ ಅಲ್ಲಿ ಕಾಯಂ ನಿವಾಸಿಯಾದ್ದರಿಂದ ಮಗು ಹುಟ್ಟುತ್ತಲೇ ಬ್ರಿಟಿಷ್ ಪ್ರಜೆ. ಅಪ್ಪ ಷರತ್ತಿನವನು, ಅಮ್ಮ ಷರತ್ತಿಲ್ಲದವಳು, ತೊಟ್ಟಿಲಲ್ಲಿರುವುದು ಆ ದೇಶದ ಪ್ರಜೆ. ಒಂದು ಮನೆಯಲ್ಲಿ ಮೂರು ಬಗೆಯ ಕಾಗದ.

ಅಲ್ಲಿ ಮಕ್ಕಳಿರುವ ಮನೆಗೆ ಚೈಲ್ಡ್ ಬೆನಿಫಿಟ್ ಎಂದು ದುಡ್ಡು ಬರುತ್ತದೆ. 2025ರ ಏಪ್ರಿಲ್‌ನಿಂದ ಮೊದಲ ಮಗುವಿಗೆ ವಾರಕ್ಕೆ 26 ಪೌಂಡ್ 5 ಪೆನ್ಸ್ ಎಂದು ನಿಗದಿಯಾಗಿತ್ತು. ಹುಡುಗಿ ಅರ್ಜಿಯನ್ನು ತುಂಬದೆ ಇಟ್ಟುಕೊಂಡು ಕೂತಿದ್ದಳು. ಹೆರಿಗೆ ರಜೆಯಲ್ಲಿ ಅವಳ ಸಂಬಳ ಇಳಿದಿತ್ತು, ಗಂಡನಿಗೆ ಸಿಕ್ಕಿದ್ದ ಗೋದಾಮಿನ ಕೆಲಸ ಹೋಗಿತ್ತು. ಆದರೂ ತುಂಬಲಿಲ್ಲ. “ಚಿಕ್ಕಮ್ಮಾ, ನಾನು ತಗೊಂಡರೆ ಅದು ಅವರು ತಗೊಂಡ ಹಾಗೆ ಆಗತ್ತಂತೆ, ವೀಸಾ ಮುಂದುವರಿಸಲ್ಲವಂತೆ” ಎಂದಳು. ಈ ‘ಅಂತೆ’ಗಳು ಯಾರ ಬಾಯಿಂದ ಹೊರಟವೋ ಗೊತ್ತಿಲ್ಲ, ಆದರೆ ಪರದೇಶದಲ್ಲಿ ಕಾನೂನಿಗಿಂತ ಬೇಗ ಹರಡುವುದು ‘ಅಂತೆ’ಯೇ. ಇತ್ತ ಅಕ್ಕನ ಬೀಗಿತ್ತಿಯದು ಬೇರೆ ರಾಗ. “ನಮ್ಮ ಮನೆಯವರು ಯಾವತ್ತೂ ಯಾರ ಮುಂದೆಯೂ ಕೈ ಚಾಚಿದವರಲ್ಲ” ಎಂದು ಜೆ.ಪಿ. ಪಾರ್ಕಿನ ಕಲ್ಲು ಬೆಂಚಿನ ಮೇಲೆ ಕೂತು ನನ್ನ ಹತ್ತಿರವೇ ಹೇಳಿದರು.

ನಾನು ಮೊದಲು ಕಾನೂನು ಏನನ್ನುತ್ತದೆ ಎಂದು ನೋಡಿದೆ. ಬಿ.ಎಡ್.ನವಳ ಚಪಲ ಅನ್ನಿ. ಅಲ್ಲಿಯ ವಲಸೆ ನಿಯಮದಲ್ಲಿ ಈ ಮಾತು ಸ್ಪಷ್ಟವಾಗಿದೆ. ಹೆಂಡತಿಗೆ ಅವಳದೇ ಹಕ್ಕಿನಿಂದ ಬರುವ ನೆರವಿನಲ್ಲಿ ಗಂಡ ಉಂಡರೂ ಅದು ಅವನು ಪಡೆದ ನೆರವಾಗುವುದಿಲ್ಲ. ಅವನು ಬಂದು ಸೇರಿದ್ದರಿಂದ ಆ ನೆರವಿನ ಮೊತ್ತ ಹೆಚ್ಚಾಗಬಾರದು, ಅಷ್ಟೆ. ಆಸ್ಪತ್ರೆ, ಶಾಲೆ ಈ ‘ನಿಧಿ’ಯಲ್ಲಿ ಸೇರುವುದೇ ಇಲ್ಲ. ಸೇರುವುದು ಹೇಗೆ? ಆಸ್ಪತ್ರೆಯ ಬಾಬ್ತು ಎಂದೇ ವರ್ಷಕ್ಕೆ 1,035 ಪೌಂಡಿನ ಲೆಕ್ಕದಲ್ಲಿ 3,105 ಪೌಂಡನ್ನು ಆ ಹುಡುಗ ವಿಮಾನ ಹತ್ತುವ ಮೊದಲೇ ಕಟ್ಟಿದ್ದ. ಕೈ ಚಾಚಿದವನ ಲಕ್ಷಣವೇ ಇದು?

ಹಾಗಾದರೆ ಪ್ರಶ್ನೆ ಮುಗಿಯಿತಲ್ಲ ಎನ್ನಬಹುದು. ನನಗೆ ಮುಗಿದಂತೆ ಕಾಣಲಿಲ್ಲ. ಆ ಹುಡುಗಿಯ ಮನಸ್ಸಿನಲ್ಲಿ ಮದುವೆಯಾದ ಮೇಲೆ ತನ್ನ ಹಕ್ಕು ಎಂಬುದೊಂದು ಬೇರೆಯಾಗಿ ಉಳಿದಿರುತ್ತದೆ ಎಂಬ ನಂಬಿಕೆಯೇ ಇರಲಿಲ್ಲ. ದುಡಿದು ಕಾಯಂ ಅನುಮತಿ ಸಂಪಾದಿಸಿದವಳು ಅವಳು. ಗಂಡನ ಷರತ್ತು ಬಂದು ತನ್ನ ಕಾಗದದ ಮೇಲೂ ಕೂತಿತು ಎಂದೇ ತಿಳಿದಳು. ಧಾರೆ ಎರೆದ ಕೂಡಲೆ ಗೋತ್ರ ಬದಲಾದ ಹಾಗೆ. ಇದನ್ನು ಬರೀ ನಮ್ಮ ಸಂಪ್ರದಾಯ ಎಂದು ತಳ್ಳಿಹಾಕಬೇಡಿ. 1870ರ ಬ್ರಿಟಿಷ್ ಕಾನೂನಿನ ಪ್ರಕಾರ ಪರದೇಶದವನನ್ನು ಮದುವೆಯಾದ ಇಂಗ್ಲಿಷ್ ಹೆಣ್ಣು ತನ್ನ ಪೌರತ್ವವನ್ನೇ ಕಳೆದುಕೊಳ್ಳುತ್ತಿದ್ದಳು. ಗಂಡನ ದೇಶ ಯಾವುದೋ ಅವಳ ದೇಶವೂ ಅದೇ. ಅದು ಪೂರ್ತಿ ಹೋದದ್ದು 1948ರ ಪೌರತ್ವ ಕಾಯ್ದೆಯಿಂದ, ನಮಗೆ ಸ್ವಾತಂತ್ರ್ಯ ಬಂದ ಮೇಲೆ.

ಚೈಲ್ಡ್ ಬೆನಿಫಿಟ್ಟಿನ ಕಥೆಯೂ ಹೀಗೆಯೇ. ಎಲೀನರ್ ರಾಥ್‌ಬೋನ್ ಎಂಬ ಮಹಿಳೆ 1924ರಲ್ಲೇ ಒಂದು ಪುಸ್ತಕ ಬರೆದು, ಮಕ್ಕಳನ್ನು ಸಾಕುವುದೂ ದುಡಿಮೆ, ಅದಕ್ಕೆ ತಾಯಿಯ ಕೈಗೆ ದುಡ್ಡು ಬರಬೇಕು ಎಂದು ವಾದಿಸಿದ್ದಳು. ಮದುವೆಯಾಗದ ಹೆಂಗಸು ಅವಳು. (ನಮ್ಮ ಬಾಲ್ಯವಿವಾಹದ ಬಗ್ಗೆಯೂ ಬರೆದಳು; ಅವಳ ಉಪದೇಶದ ಧಾಟಿ ನಮ್ಮ ಹೆಣ್ಣುಮಕ್ಕಳಿಗೆ ಹಿಡಿಸಲಿಲ್ಲ, ಅದು ಬೇರೆ ಮಾತು.) 1945ರಲ್ಲಿ ಕೊನೆಗೂ ಮಸೂದೆ ಬಂದಾಗ ದುಡ್ಡು ತಂದೆಯ ಹೆಸರಿಗೆ ಎಂದಿತ್ತು. ಹಾಗಾದರೆ ನಾನೇ ಇದರ ವಿರುದ್ಧ ಮತ ಹಾಕುತ್ತೇನೆ ಎಂದು ರಾಥ್‌ಬೋನ್ ಹಟ ಹಿಡಿದಳು. ತಾಯಿಯ ಹೆಸರಿಗೆ ಎಂದಾಯಿತು. ಎರಡನೆಯ ಮಗುವಿನಿಂದ ವಾರಕ್ಕೆ ಐದು ಶಿಲ್ಲಿಂಗ್. 1946ರ ಆಗಸ್ಟಿನಲ್ಲಿ ಮೊದಲ ಹಣ ತಾಯಂದಿರ ಕೈಸೇರುವ ಹೊತ್ತಿಗೆ ರಾಥ್‌ಬೋನ್ ತೀರಿಕೊಂಡು ಏಳು ತಿಂಗಳಾಗಿತ್ತು. ಇಪ್ಪತ್ತು ವರ್ಷ ಹೋರಾಡಿ ಒಬ್ಬಳು ತಾಯಿಯ ಹೆಸರಿಗೆ ಬರೆಸಿದ ದುಡ್ಡನ್ನು, ಗಂಡನ ವೀಸಾದ ಹೆದರಿಕೆಗೆ ಇನ್ನೊಬ್ಬಳು ತಾಯಿ ಬಿಟ್ಟುಕೊಡುವುದೆಂದರೆ ನನಗೆ ಸಂಕಟವಾಯಿತು.

ಇದನ್ನೆಲ್ಲ ಓದಿಕೊಂಡು ಬೀಗಿತ್ತಿಯವರಿಗೆ ಹೇಳಲು ಹೋದೆ. ಅವರ ಯಜಮಾನರಿಗೆ ತೆರಿಗೆ ಕಟ್ಟುವಷ್ಟು ವರಮಾನವಿಲ್ಲ. ಮಾತಿನ ನಡುವೆ ಅವರೇ ಮೆಲ್ಲಗೆ, “ನಂಗೂ ಆ ಎರಡು ಸಾವಿರ ಬರುತ್ತೆ ಕಣ್ರೀ, ಯಾರಿಗೂ ಹೇಳಿಲ್ಲ” ಎಂದರು. ಗೃಹಲಕ್ಷ್ಮಿಯದು! 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಚಾಲನೆಯಾದ ಯೋಜನೆ. ನಾನು ನಗಲಿಲ್ಲ. ಆ ದುಡ್ಡು ತಮ್ಮ ಖಾತೆಗೆ ಬಂದ ದಿನ ಅವರು ಮೊಮ್ಮಗುವಿಗೆ ಕುಲಾವಿ ಹೊಲಿಸಲು ಬಟ್ಟೆ ತಂದಿದ್ದರು, ಯಾರನ್ನೂ ಕೇಳದೆ.

ಆ ಯೋಜನೆಯಲ್ಲೂ ಒಂದು ಗಂಟಿದೆ. ಗಂಡ ಆದಾಯ ತೆರಿಗೆಯನ್ನೋ ಜಿ.ಎಸ್.ಟಿ.ಯನ್ನೋ ಕಟ್ಟುವವನಾದರೆ ಹೆಂಡತಿಗೆ ಇಲ್ಲ. ಕೇಳಲು ಸರಿಯೇ. ಆದರೆ ನಮ್ಮ ಬೀದಿಯ ಕೊನೆಯಲ್ಲಿ ಹೂ ಕಟ್ಟುವ ಹೆಂಗಸಿನ ಗಂಡ ಬೇರೆ ಸಂಸಾರ ಹೂಡಿ ಎಷ್ಟೋ ವರ್ಷವಾಯಿತು, ಅಲ್ಲಿ ಅವನದು ಅಂಗಡಿ ಇದೆ. ಇವಳಿಗೆ ಅಂಗಡಿಯ ಒಂದು ಕಾಸು ಬರುವುದಿಲ್ಲ. ಕಾಗದದಲ್ಲಿ ಅವಳು ಅಂಗಡಿಯವನ ಹೆಂಡತಿ. ಕಡಲಾಚೆಯಾಗಲಿ ಇಲ್ಲಾಗಲಿ, ಹೆಂಗಸಿನ ಅರ್ಜಿಯಲ್ಲಿ ಗಂಡನ ಕಾಲಂ ಅವಳ ಕಾಲಂಗಿಂತ ದೊಡ್ಡದು.

ಅಲ್ಲಿಯ ಲೆಕ್ಕ ಇನ್ನೂ ವಿಚಿತ್ರ. ಮನೆಯ ವರಮಾನ ಸಾಲದಿದ್ದಾಗ ಯೂನಿವರ್ಸಲ್ ಕ್ರೆಡಿಟ್ ಎಂಬ ನೆರವಿದೆ. ಷರತ್ತಿನ ಗಂಡನಿದ್ದವಳು ಅದನ್ನು ಒಂಟಿಯೆಂಬ ದರದಲ್ಲೇ ಪಡೆಯಬೇಕು. ಅವನ ಪಾಲಿನ ಅನ್ನಕ್ಕೆ ಬಿಡಿಗಾಸು ಸೇರುವುದಿಲ್ಲ. ಆದರೆ ಅವನಿಗೆ ಕೆಲಸ ಸಿಕ್ಕಿದರೆ ಆ ಸಂಬಳವನ್ನು, ಅವನ ಉಳಿತಾಯವನ್ನು ಪೂರ್ತಿ ಲೆಕ್ಕ ಹಿಡಿದು ಅವಳ ನೆರವನ್ನು ಕಡಿಮೆ ಮಾಡುತ್ತಾರೆ. ಗಳಿಸುವಾಗ ಅವನು ಮನೆಯವನು, ಉಣ್ಣುವಾಗ ಅಲ್ಲ. ಇದು ನನಗೆ ಅನ್ಯಾಯ ಎಂದೇ ತೋರುತ್ತದೆ. ಹೊಸದಾಗಿ ಬಂದವನು ಸ್ವಲ್ಪ ಕಾಲ ಕಾಯಲಿ ಎಂದು ಒಂದು ದೇಶ ಹೇಳಿದರೆ ಅದು ನನಗೆ ಅರ್ಥವಾಗುತ್ತದೆ. ಚೀಟಿ ಕಟ್ಟುವವರೂ ಮೊದಲ ತಿಂಗಳೇ ಬಂದವನಿಗೆ ಹಿಂದುಮುಂದು ನೋಡುತ್ತಾರೆ. ಆದರೆ ಚೀಟಿಯಲ್ಲಿ ಅವನ ಕಂತನ್ನು ತೆಗೆದುಕೊಂಡು ಹೆಸರನ್ನು ಮಾತ್ರ ಬರೆಯದೆ ಬಿಡುವುದಿಲ್ಲ.

ಇಂಥ ಅನ್ಯಾಯ ಕಂಡಾಗಲೇ ಉಪಾಯಗಾರರು ಹುಟ್ಟುತ್ತಾರೆ. ಹುಡುಗಿಯ ಗೆಳತಿಯೊಬ್ಬಳು, “ಗಂಡ ಬೇರೆ ಕಡೆ ಇದ್ದಾನೆ ಅಂತ ಬರೆದುಬಿಡು. ಮನೆ ತೆರಿಗೆಯಲ್ಲೂ ಒಂಟಿಯವರಿಗೆ ಕಾಲು ಭಾಗ ಬಿಡ್ತಾರೆ. ನಾಳೆ ಅವನಿಗೆ ಕೆಲಸ ಸಿಕ್ಕರೂ ಕೇಳೋರಿಲ್ಲ” ಎಂದಳಂತೆ. ಹುಡುಗಿ ನನ್ನನ್ನು ಕೇಳಿದಾಗ ನಾನು ಬೇಡ ಎಂದೆ. ಸಿಕ್ಕಿಬೀಳುತ್ತೀಯ ಎಂದು ಹೆದರಿಸಲು ಹೇಳಲಿಲ್ಲ, ಅದೂ ಇದೆ ಎನ್ನಿ. ಅವನ ವೀಸಾ ನಿಂತಿರುವುದೇ ಇಬ್ಬರೂ ಕೂಡಿ ಬಾಳುತ್ತಿದ್ದಾರೆ ಎಂಬ ಮಾತಿನ ಮೇಲೆ. ಒಂದೇ ಸರ್ಕಾರದ ಒಂದು ಅರ್ಜಿಯಲ್ಲಿ ಕೂಡಿದ್ದೇವೆ, ಇನ್ನೊಂದರಲ್ಲಿ ಅಗಲಿದ್ದೇವೆ ಎಂದು ಬರೆದು, ರಾತ್ರಿ ಒಂದೇ ಕೋಣೆಯಲ್ಲಿ ಮಗುವನ್ನು ತೂಗುವುದು ಹೇಗೆ? ಅನ್ಯಾಯದ ಲೆಕ್ಕಕ್ಕೆ ಸುಳ್ಳು ಲೆಕ್ಕ ಕೊಟ್ಟರೆ ಅದರಲ್ಲಿ ಮೊದಲು ಅಳಿಸಿಹೋಗುವುದು ಆ ಹುಡುಗನೇ. ಕಾನೂನು ಅವನ ತಟ್ಟೆಯನ್ನು ಅಳಿಸಿತ್ತು, ಇವಳು ಅವನ ಹಾಸಿಗೆಯನ್ನೂ ಅಳಿಸಿದ ಹಾಗಾಗುತ್ತಿತ್ತು.

ನಮ್ಮ ಶಾಲೆಯಲ್ಲಿ ನೇಪಾಳದ ಕಾವಲುಗಾರರೊಬ್ಬರ ಮಗ ಓದುತ್ತಾನೆ. ಮಧ್ಯಾಹ್ನ ಬಿಸಿಯೂಟಕ್ಕೆ ಸಾಲಿನಲ್ಲಿ ನಿಂತಾಗ ಅವನ ತಟ್ಟೆಗೆ ಅನ್ನ ಹಾಕುವ ಆಯಾ ನಿಮ್ಮಪ್ಪನ ಕಾಗದ ಎಲ್ಲಿ ಎನ್ನುವುದಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ಆರರಿಂದ ಹದಿನಾಲ್ಕು ವರ್ಷದ ‘ಪ್ರತಿಯೊಂದು ಮಗು’ ಎನ್ನುತ್ತದೆ, ‘ಪ್ರತಿಯೊಬ್ಬ ಪ್ರಜೆಯ ಮಗು’ ಎನ್ನುವುದಿಲ್ಲ. ನಮ್ಮ ಸಂವಿಧಾನದ 14ನೆಯ ವಿಧಿಯೂ ‘ವ್ಯಕ್ತಿ’ ಎನ್ನುತ್ತದೆ. ಈ ಪದಗಳನ್ನು ಆರಿಸಿದವರು ಸುಮ್ಮನೆ ಆರಿಸಿರಲಾರರು.

ಇನ್ನೊಂದು ಮಾತನ್ನು ಹೆಣ್ಣುಮಕ್ಕಳನ್ನು ಹೊರದೇಶಕ್ಕೆ ಕಳಿಸುವ ತಾಯಂದಿರಿಗೆ ಹೇಳಬೇಕು. ಅಕ್ಕನ ಮಗಳ ವಿಷಯದಲ್ಲಿ ಷರತ್ತು ಗಂಡನದು. ಬಹುಪಾಲು ಮನೆಗಳಲ್ಲಿ ಷರತ್ತಿನ ಕಾಗದ ಹೆಂಡತಿಯದು. ಅಂಥವಳಿಗೆ ಗಂಡ ಹೊಡೆದರೆ ಹೋಗುವುದೆಲ್ಲಿಗೆ? ನಿರಾಶ್ರಿತ ಹೆಂಗಸರ ವಸತಿಗಳ ಬಾಡಿಗೆ ಸಂದಾಯವಾಗುವುದು ಸರ್ಕಾರದ ವಸತಿ ನೆರವಿನಿಂದ. ಆ ನೆರವು ಇಲ್ಲದವಳಿಗೆ ಬಾಗಿಲು ತೆರೆಯಲು ಅವರಿಗೂ ಕಷ್ಟ. 1979ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಸೌತಾಲ್ ಬ್ಲ್ಯಾಕ್ ಸಿಸ್ಟರ್ಸ್ ಎಂಬ ಹೆಂಗಸರ ಸಂಘ ಇದಕ್ಕಾಗಿ ವರ್ಷಗಟ್ಟಲೆ ಹೋರಾಡಿತು. 2012ರ ಏಪ್ರಿಲ್‌ನಿಂದ, ಅಲ್ಲಿಯ ಪ್ರಜೆಯನ್ನೋ ಕಾಯಂ ನಿವಾಸಿಯನ್ನೋ ಮದುವೆಯಾಗಿ ಹೋಗಿ ಹಿಂಸೆಗೆ ಸಿಕ್ಕಿದವಳಿಗೆ ಮೂರು ತಿಂಗಳ ಮಟ್ಟಿಗೆ ಷರತ್ತು ತೆಗೆದು ನೆರವು ಕೊಡುವ ಏರ್ಪಾಟು ಬಂತು. 2024ರ ಫೆಬ್ರವರಿಯಲ್ಲಿ ಕೆಲಸದ, ಓದಿನ ವೀಸಾದಲ್ಲಿರುವವರ ಹೆಂಡಂದಿರಿಗೂ ಅದನ್ನು ವಿಸ್ತರಿಸಿದರು. ಮೂರು ತಿಂಗಳು ಹೆಚ್ಚೇನಲ್ಲ. ಆದರೂ ಮಗಳ ಪೆಟ್ಟಿಗೆಯಲ್ಲಿ ಚಟ್ನಿಪುಡಿ, ಸಾರಿನಪುಡಿ ಕಟ್ಟಿಡುವಾಗ ಈ ಸಂಘದ ಹೆಸರನ್ನೂ ಒಂದು ಚೀಟಿಯಲ್ಲಿ ಬರೆದಿಡಿ. ಅಪಶಕುನ ಎನ್ನಬೇಡಿ, ಜ್ವರದ ಮಾತ್ರೆಯನ್ನೂ ಇಡುತ್ತೇವಲ್ಲ.

ಅಕ್ಕನ ಮಗಳು ಮಗುವಿಗೆ ಐದು ತಿಂಗಳು ತುಂಬಿದ ಮೇಲೆ ಚೈಲ್ಡ್ ಬೆನಿಫಿಟ್ ಅರ್ಜಿಯನ್ನು ತನ್ನ ಹೆಸರಿನಲ್ಲೇ ಕಳಿಸಿದಳು. ಗಂಡ ತನ್ನ ಜೊತೆಯಲ್ಲೇ ಇದ್ದಾನೆ ಎಂಬುದನ್ನು ಮುಚ್ಚಿಡಲಿಲ್ಲ. ಹಿಂದಿನ ಮೂರು ತಿಂಗಳದನ್ನು ಮಾತ್ರ ಕೊಡುತ್ತಾರೆ, ಅದಕ್ಕೂ ಹಿಂದಿನ ಎರಡು ತಿಂಗಳ ಹಣ ‘ಅಂತೆ’ಯ ಪಾಲಾಯಿತು. ಹುಡುಗನಿಗೆ ಈಗ ಒಂದು ಅಡುಗೆಮನೆಯಲ್ಲಿ ಕೆಲಸ ಸಿಕ್ಕಿದೆ, ಸಂಬಳದಲ್ಲಿ ತೆರಿಗೆ ಮುರಿದುಕೊಳ್ಳುತ್ತಾರೆ. 2027ರ ಮೊದಲ ತಿಂಗಳುಗಳಲ್ಲಿ ವೀಸಾ ಮುಂದುವರಿಸಲು ಅರ್ಜಿ ಹಾಕಬೇಕು. ಅದಕ್ಕೆಂದು ಅವಳು ಒಂದು ಕಡತ ಮಾಡಿಟ್ಟಿದ್ದಾಳೆ: ಬಾಡಿಗೆ ಕರಾರು, ಇಬ್ಬರ ಹೆಸರಿನ ಕರೆಂಟ್ ಬಿಲ್ಲು, ಮಗುವಿನ ಜನನ ಪತ್ರ, ಮತ್ತು ಚೈಲ್ಡ್ ಬೆನಿಫಿಟ್ ಕಚೇರಿಯಿಂದ ಅವಳ ಹೆಸರಿಗೆ ಬಂದ ಕಾಗದ.