ಮನಸ್ಸಿಗೊಪ್ಪಿದ ಉತ್ತರ

ತಪ್ಪು ಮಾಡಿದವನನ್ನು ದಂಡಿಸಿದರೆ ಸಾಲದು, ಅದನ್ನು ಕಂಡೂ ಸುಮ್ಮನಿದ್ದವನನ್ನೂ ದಂಡಿಸಬೇಕು, ಆಗ ಸಮಾಜದಲ್ಲಿ ನೀತಿ ನಿಲ್ಲುತ್ತದೆ. ಈ ಮಾತಿಗೆ 1986ರಲ್ಲಿ ಅಮೆರಿಕದ ರಾಜ್ಯಶಾಸ್ತ್ರಜ್ಞ ರಾಬರ್ಟ್ ಆಕ್ಸೆಲ್‌ರಾಡ್ ಕಂಪ್ಯೂಟರಿನಿಂದ ಸಾಕ್ಷಿ ಹೇಳಿಸಿದರು.

ಅವರು ಕಟ್ಟಿದ್ದು 20 ಜನರ ಊರು. ಪ್ರೋಗ್ರಾಮಿನೊಳಗೆ ಬಾಳುವ ಇಂಥ ಜನರಿಗೆ ಏಜೆಂಟರೆಂದು ಹೆಸರು. ಒಬ್ಬೊಬ್ಬರಿಗೂ ಇಷ್ಟು ಎದೆಗಾರಿಕೆ, ಇಷ್ಟು ದಂಡಿಸುವ ಬುದ್ಧಿ ಎಂದು ಅಂಕೆ ಕೊಟ್ಟಿದ್ದರು. ಮೋಸ ಮಾಡಿದವನಿಗೆ 3 ಅಂಕ ಲಾಭ, ಉಳಿದವರಿಗೆ ತಲೆಗೊಂದು ಅಂಕ ನಷ್ಟ. ಕಂಡವರು ಯಾರಾದರೂ ದಂಡಿಸಿದರೆ ಮೋಸಗಾರ 9 ಅಂಕ ಕಳೆದುಕೊಳ್ಳುತ್ತಾನೆ. ನಿಷ್ಠುರ ಕಟ್ಟಿಕೊಳ್ಳುವುದು ಪುಕ್ಕಟೆಯಲ್ಲವಾದ್ದರಿಂದ ದಂಡಿಸಿದವನಿಗೂ 2 ಅಂಕ ಖರ್ಚು. ಹೆಚ್ಚು ಅಂಕ ಗಳಿಸಿದವರ ಸ್ವಭಾವ ಮುಂದಿನ ತಲೆಮಾರಿಗೆ ಹೆಚ್ಚಾಗಿ ಇಳಿಯುತ್ತದೆ. ಸುಮ್ಮನಿದ್ದವರಿಗೂ ದಂಡ ಎಂಬ ನಿಯಮ ಸೇರಿಸಿ 100 ತಲೆಮಾರುಗಳಷ್ಟು ಐದು ಸಲ ಓಡಿಸಿದರು. ಐದು ಸಲವೂ ನೀತಿ ನಿಂತಿತು.

2005ರಲ್ಲಿ ಗಲಾನ್ ಮತ್ತು ಇಸ್ಕಿಯೆರ್ದೊ ಎಂಬ ಇಬ್ಬರು ಸಂಶೋಧಕರು ಆ ಊರನ್ನು ಮೊದಲಿನಿಂದ ಮತ್ತೆ ಕಟ್ಟಿದರು. ಆಕ್ಸೆಲ್‌ರಾಡ್ ತಮ್ಮ ನಿಯಮಗಳನ್ನೂ ಅಂಕಗಳನ್ನೂ ಲೇಖನದಲ್ಲಿ ಬಿಚ್ಚಿಟ್ಟಿದ್ದರಿಂದ ಅದು ಸಾಧ್ಯವಾಯಿತು. ಆ ಪ್ರಾಮಾಣಿಕತೆಗೆ ನನ್ನ ಗೌರವವಿದೆ. ಓಟವನ್ನು ಹತ್ತು ಲಕ್ಷ ತಲೆಮಾರುಗಳವರೆಗೆ ಬೆಳೆಸಿ ನೋಡಿದಾಗ ಬಹುಪಾಲು ಸಲ ನೀತಿ ಕುಸಿದುಬಿದ್ದಿತ್ತು. ಒಂದೆರಡು ಅಂಕೆಗಳನ್ನು ಸ್ವಲ್ಪವೇ ಬದಲಿಸಿದರೂ ಉತ್ತರ ತಿರುಗಿಬೀಳುತ್ತಿತ್ತು.

ನಡುವಿನ ಹತ್ತೊಂಬತ್ತು ವರ್ಷ ನನ್ನನ್ನು ಕಾಡುತ್ತದೆ. ಆಗಿನ ಕಂಪ್ಯೂಟರುಗಳು ನಿಧಾನ, ಒಪ್ಪೋಣ. ಆದರೆ ಆ ಉತ್ತರ ಸಜ್ಜನರ ಮನಸ್ಸಿಗೆ ಒಪ್ಪುವಂತಿದ್ದುದೂ ಒಂದು ಕಾರಣವಿರಬೇಕು. ಐದು ಸಲವೂ ನೀತಿ ಕುಸಿದಿದ್ದರೆ ಎಲ್ಲೋ ತಪ್ಪಿದೆ ಎಂದು ಸಾಲು ಸಾಲಾಗಿ ಹುಡುಕುತ್ತಿದ್ದೆವು. ಬೇಕಾದ ಉತ್ತರ ಬಂದ ಕೂಡಲೇ ಹುಡುಕಾಟ ನಿಲ್ಲುತ್ತದೆ. ಏಜೆಂಟರ ಮಾದರಿಗಳಲ್ಲಿ ಈ ಅಪಾಯ ಇನ್ನೂ ಹೆಚ್ಚು. ಒಬ್ಬೊಬ್ಬರ ನಿಯಮ ಚಿಕ್ಕದು, ಆದರೆ ಎಲ್ಲರೂ ಸೇರಿ ನಡೆದುಕೊಳ್ಳುವ ರೀತಿಯನ್ನು ಯಾರೂ ಬರೆದಿರುವುದಿಲ್ಲ. ಅನಿರೀಕ್ಷಿತವಾದದ್ದೇನೋ ಕಂಡಾಗ ಅದು ಹೊಸ ಶೋಧವೋ ಕೋಡಿನ ದೋಷವೋ ಎಂದು ನೋಟಕ್ಕೆ ಗೊತ್ತಾಗುವುದೇ ಇಲ್ಲ.

ಹಾಗಾಗಿ ಕೇಳಬೇಕಾದ ಪ್ರಶ್ನೆಗಳು ಎರಡು. ನಾವು ಅಂದುಕೊಂಡದ್ದನ್ನೇ ಪ್ರೋಗ್ರಾಂ ಮಾಡುತ್ತಿದೆಯೇ? ನಾವು ಅಂದುಕೊಂಡದ್ದು ಲೋಕಕ್ಕೆ ಒಪ್ಪುತ್ತದೆಯೇ? ಮೊದಲನೆಯದಕ್ಕೆ ಹೌದೆಂಬ ಉತ್ತರ ಸಿಕ್ಕರೆ ಎರಡನೆಯದೂ ಮುಗಿಯಿತೆಂದು ನೆಮ್ಮದಿಪಡುವವರೇ ಹೆಚ್ಚು.

2020ರ ಮಾರ್ಚ್ 16ರಂದು ಲಂಡನ್ನಿನ ಇಂಪೀರಿಯಲ್ ಕಾಲೇಜು ಹೊರತಂದ ವರದಿ ಇದಕ್ಕೆ ಸಾಕ್ಷಿ. ಕೊರೊನಾ ತಡೆಯಲು ಯಾವ ಕ್ರಮವನ್ನೂ ಕೈಗೊಳ್ಳದಿದ್ದರೆ ಬ್ರಿಟನ್ನಿನಲ್ಲಿ ಸುಮಾರು 5.1 ಲಕ್ಷ ಜನ ಸಾಯಬಹುದು ಎಂದಿತು ಅದು. ಅದರ ಹಿಂದಿದ್ದದ್ದು ಹತ್ತು ವರ್ಷಕ್ಕೂ ಹಿಂದೆ ಫ್ಲೂಗಾಗಿ ಬರೆದಿದ್ದ, ವಿವರಣೆಯಿಲ್ಲದ ಸಾವಿರಾರು ಸಾಲಿನ ಕೋಡ್. ಅದು ಬಯಲಿಗೆ ಬಂದಾಗ ಟೀಕೆಯ ಮಳೆಯೇ ಸುರಿಯಿತು. ಕೇಂಬ್ರಿಡ್ಜಿನ ಸ್ಟೀಫನ್ ಎಗ್ಲೆನ್ ಅದನ್ನು ತಾವೇ ಓಡಿಸಿ ನೋಡಿದರು. ವರದಿಯ ಅಂಕಿಗಳು ಮತ್ತೆ ಬಂದವು. ಟೀಕೆಯ ದೊಡ್ಡ ಪಾಲು ಅಲ್ಲಿಗೆ ಉದುರಿತು. ಎರಡನೆಯ ಪ್ರಶ್ನೆ ಮಾತ್ರ ಹಾಗೇ ಉಳಿಯಿತು. ಆ ಮಾದರಿಯಲ್ಲಿ ಹೊರಗಿನಿಂದ ತುಂಬಬೇಕಾದ ಅಂಕೆಗಳು 940. ಫಲಿತಾಂಶದ ಏರಿಳಿತದ ಬಹುಪಾಲನ್ನು ಅವುಗಳಲ್ಲಿ ಮೂರೇ ಅಂಕೆಗಳು ನಿರ್ಧರಿಸುತ್ತವೆ ಎಂದು 2021ರ ಅಧ್ಯಯನವೊಂದು ತೋರಿಸಿತು.

ಕೊರೊನಾದ ಆ ದಿನಗಳಲ್ಲೇ ಬೆಂಗಳೂರಿನ ಐಐಎಸ್‌ಸಿ ಮತ್ತು ಮುಂಬೈಯ ಟಿಐಎಫ್‌ಆರ್ ವಿಜ್ಞಾನಿಗಳು ಎರಡೂ ನಗರಗಳನ್ನು ಮನೆ, ಶಾಲೆ, ಕಚೇರಿಗಳ ಸಮೇತ ಕಂಪ್ಯೂಟರಿನಲ್ಲಿ ಕಟ್ಟಿದರು. ಕೋಟಿ ದಾಟಿದ ಏಜೆಂಟರು! ಅವರು ಕೋಡನ್ನೂ ಎಲ್ಲರ ಕಣ್ಣಿಗೆ ಬೀಳುವಂತೆ ಇಟ್ಟರು. ಇದನ್ನು ಬರಿಯ ಔದಾರ್ಯ ಎನ್ನಲಾರೆ. ಇಂಥ ಮಾದರಿಯ ಗ್ರಾಫಿನ ಗೆರೆ ನೋಡಿ ಮಾರುಕಟ್ಟೆ ಮುಚ್ಚುವ ತೀರ್ಮಾನವಾದರೆ ಗಾಡಿ ತಳ್ಳುವವನ ಅಂದಿನ ದುಡಿಮೆ ಹೋಗುತ್ತದೆ; ಮುಚ್ಚದಿದ್ದರೆ ಅವನ ಮನೆಯ ಹಿರಿಯರ ಜೀವವೇ ಹೋಗಬಹುದು. ಆ ಗೆರೆಯನ್ನು ಯಾರಾದರೂ ಪರೀಕ್ಷಿಸಿದ್ದಾರೆಯೇ ಎಂದು ಕೇಳುವ ಹಕ್ಕು ಅವನಿಗಿದೆ. ಕೇಳುವ ದಾರಿ ಅವನಿಗೆ ಗೊತ್ತಿರುವುದಿಲ್ಲ, ಆದ್ದರಿಂದ ಅವನ ಪರವಾಗಿ ಅಧಿಕಾರಿ ಕೇಳಬೇಕು: ಇದನ್ನು ಎಷ್ಟು ಸಲ ಓಡಿಸಿದಿರಿ? ನಿಮ್ಮವರಲ್ಲದ ಯಾರು ಮತ್ತೆ ಕಟ್ಟಿ ನೋಡಿದ್ದಾರೆ? ಯಾವ ಅಂಕೆ ಬದಲಾದರೆ ಉತ್ತರ ತಿರುಗುತ್ತದೆ? ಇವಕ್ಕೆ ಉತ್ತರ ಬರೆಯದ ಗ್ರಾಫು ಎಷ್ಟೇ ಚೆಂದವಿರಲಿ, ಅವರು ಅದನ್ನು ಮೇಜಿನಿಂದಲೇ ವಾಪಸು ಕಳಿಸಬೇಕು.